ಪಿಗ್ಮಿ ಎಂದರೆ ಕುಬ್ಜನಲ್ಲ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರ ಬಾಯಲ್ಲಿ ಓಡಾಡುವ ಇಂಗ್ಲಿಷ್ ಪದಗಳ ಮೇಲೆ ಎರಡು ದೂರುಗಳು ಬಹಳ ಕಾಲದಿಂದ ಇವೆ. ಒಂದು, ಇಂಗ್ಲಿಷ್ ಓದಿಕೊಂಡವರದ್ದು. ಇಲ್ಲಿನ ಜನ ಪದಗಳನ್ನು ತಪ್ಪು ಅರ್ಥದಲ್ಲಿ ಬಳಸುತ್ತಾರೆ, ಹೋಟೆಲ್ ಅಂದರೆ ತಂಗುವ ಜಾಗ ಎಂಬುದು ಇವರಿಗೆ ಗೊತ್ತಿಲ್ಲ, ಸೀರಿಯಸ್ ಎಂಬ ಪದವನ್ನು ಸಾಯುವ ಸ್ಥಿತಿಗೆ ಅಂಟಿಸಿಬಿಟ್ಟಿದ್ದಾರೆ ಎಂದು ಅವರು ಬೇಸರಪಡುತ್ತಾರೆ. ಇನ್ನೊಂದು, ಭಾಷೆಯ ಅಭಿಮಾನಿಗಳದ್ದು. ಆಸಾಡಿ ಅಮಾಸೆಯ ದಿನ ಕುಂದಾಪ್ರ ಕನ್ನಡದ ದಿನಾಚರಣೆ ಮಾಡುವ ಒಳ್ಳೆಯ ರೂಢಿ ಈಚೆಗೆ ಬೆಳೆದಿದೆ. ಅಂಥ ವೇದಿಕೆಗಳಲ್ಲೂ ರಾಜ್ಯೋತ್ಸವದ ಭಾಷಣಗಳಲ್ಲೂ ಇಂಗ್ಲಿಷ್ ಪದ ನುಗ್ಗಿ ನಮ್ಮ ಭಾಷೆ ಹಾಳಾಯಿತು ಎಂಬ ಮಾತು ತಪ್ಪದೆ ಬರುತ್ತದೆ.

ಮೇಲ್ನೋಟಕ್ಕೆ ಇವೆರಡು ಎದುರುಬದುರು ಪಕ್ಷಗಳು. ಆದರೆ ಎರಡೂ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಪದ ಎಲ್ಲಿ ಹುಟ್ಟಿತೋ ಅದರ ಅರ್ಥದ ಹಕ್ಕೂ ಅಲ್ಲಿಯವರದ್ದೇ. ಈ ನಂಬಿಕೆಯೇ ತಪ್ಪು ಎಂಬುದು ನನ್ನ ವಾದ. ಪದವನ್ನು ಕೆಲಸಕ್ಕೆ ಹಚ್ಚಿದವರು ಅದರ ಅರ್ಥವನ್ನೂ ಗೊತ್ತುಮಾಡುತ್ತಾರೆ. ಹಾಗೆ ಇಲ್ಲಿ ದುಡಿದು ಅರ್ಥ ಪಡೆದ ಪದಗಳು ಇಲ್ಲಿನವೇ ಆಗಿವೆ. ಅವನ್ನು ಇಂಗ್ಲಿಷಿನ ತಪ್ಪು ಎಂದು ತಿದ್ದಬೇಕಾಗಿಲ್ಲ, ಕನ್ನಡದ ಕಳೆ ಎಂದು ಕೀಳಬೇಕಾಗಿಯೂ ಇಲ್ಲ.

ಪಿಗ್ಮಿಯನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ನಿಘಂಟು ಕುಬ್ಜ, ಗಿಡ್ಡ ಜನಾಂಗದವನು ಎನ್ನುತ್ತದೆ. ನಮ್ಮ ಪೇಟೆಗಳಲ್ಲಿ ಆ ಅರ್ಥ ಯಾರ ತಲೆಗೂ ಬರುವುದಿಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಒಂದು ಯೋಜನೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವಾದರೂ ಸೈ, ಏಜೆಂಟರು ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಾರೆ. ಮೊತ್ತ ಸಣ್ಣದು ಎಂಬ ಕಾರಣಕ್ಕೆ ಅದು ಪಿಗ್ಮಿ ಡೆಪಾಸಿಟ್ ಆಯಿತು. ಬ್ಯಾಂಕಿನ ಸಿಬ್ಬಂದಿಯ ತಲೆಯಲ್ಲಿ ಆ ಹೋಲಿಕೆ ಇದ್ದಿರಬಹುದು, ದುಡ್ಡು ಕೊಟ್ಟವರ ತಲೆಯಲ್ಲಿ ಇರಲಿಲ್ಲ. ಅವರಿಗೆ ಪಿಗ್ಮಿ ಎಂದರೆ ದಿನದ ದುಡಿಮೆಯಿಂದ ಎತ್ತಿಟ್ಟ ದುಡ್ಡು, ಅದನ್ನು ಒಯ್ಯಲು ಸಂಜೆ ಬರುವ ಮನುಷ್ಯ, ಮಗಳ ಮದುವೆಗೋ ಮಳೆಗಾಲದ ಖರ್ಚಿಗೋ ಆಗುವ ಗಂಟು.

ಕುಂದಾಪುರದ ಶಾಸ್ತ್ರಿ ಸರ್ಕಲಿನ ಆಸುಪಾಸಿನ ಅಂಗಡಿಗಳ ಎದುರು ಸಂಜೆ ನಿಂತರೆ ಈ ಪದದ ಕೆಲಸ ಕಾಣುತ್ತದೆ. ಹಿಂದೆ ಗೀಟು ಹಾಕಿದ ಕಾರ್ಡಿನಲ್ಲಿ ತಾರೀಕು, ಮೊತ್ತ, ಪಿಗ್ಮಿ ಕಲೆಕ್ಟರರ ಚುಟುಕು ಸಹಿ ಇರುತ್ತಿತ್ತು. ಈಗ ಅಂಗೈ ಅಗಲದ ಮೆಷಿನ್ನಿನಿಂದ ಬೆರಳಷ್ಟು ಚೀಟಿ ಹೊರಬರುತ್ತದೆ. ಹೂವಿನ ಬುಟ್ಟಿಯವಳು ಅದನ್ನು ಓದುವುದಿಲ್ಲ, ಸಂಖ್ಯೆ ಮಾತ್ರ ನೋಡಿ ಸೆರಗಿನ ತುದಿಗೆ ಸೇರಿಸುತ್ತಾಳೆ. ವ್ಯಾಪಾರ ಇಲ್ಲದ ದಿನ, “ಹ್ವಾಯ್, ಇವತ್ ಪಿಗ್ಮಿ ಇಲ್ಲೆ, ನಾಳೆ ಎರಡೂ ಒಟ್ಟಿಗ್ ಕೊಡ್ತೆ, ಅಕಾ” ಎನ್ನುತ್ತಾಳೆ. ಈ ಒಂದು ವಾಕ್ಯದಲ್ಲಿ ಹೊರಗಿನಿಂದ ಬಂದ ಪದ ಒಂದೇ. ಇಲ್ಲೆ, ಕೊಡ್ತೆ, ಅಕಾ, ಹ್ವಾಯ್ ಎಲ್ಲವೂ ಅಪ್ಪಟ ಕುಂದಾಪ್ರ. 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಹೋಯಿತು, ಪಿಗ್ಮಿ ಸಹಕಾರಿ ಸಂಘಗಳಲ್ಲಿ ಇಂದಿಗೂ ನಡೆಯುತ್ತಿದೆ. ತೊಂಬತ್ತಕ್ಕೂ ಹೆಚ್ಚು ವರ್ಷ ಜನ ದುಡ್ಡಿಟ್ಟು ನಂಬಿದ ಪದವನ್ನು ತಪ್ಪು ಬಳಕೆ ಎನ್ನಲು ಯಾವ ಆಧಾರವಿದೆ?

ಸೊಸೈಟಿಯ ಕಥೆಯೂ ಹೀಗೇ. ಪುಸ್ತಕದ ಅರ್ಥ ಸಮಾಜ. ಇಲ್ಲಿ “ಸೊಸೈಟಿಗ್ ಹೋಯ್ಕ್” ಎಂದರೆ ಸಮಾಜಕ್ಕೆ ಹೋಗಬೇಕು ಎಂದು ಯಾರೂ ತಿಳಿಯುವುದಿಲ್ಲ. ಬೆಳೆಸಾಲ, ಗೊಬ್ಬರ, ಪಡಿತರದ ಅಕ್ಕಿ ಸಿಗುವ ಕಟ್ಟಡ ಅದು. 1904ರ ಸಹಕಾರಿ ಸಾಲ ಸಂಘಗಳ ಕಾಯಿದೆಯ ಬೆನ್ನಿಗೆ ಆ ಕಾಲದ ದಕ್ಷಿಣ ಕನ್ನಡದಲ್ಲಿ ಸಂಘಗಳು ಒಂದೊಂದಾಗಿ ಎದ್ದವು. ಕುಂದಾಪುರ ಸೀಮೆಯ ಮೊಳಹಳ್ಳಿಯ ಹೆಸರನ್ನು ಹೊತ್ತ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿದ್ದುಕೊಂಡು ಜಿಲ್ಲೆಯ ಸಹಕಾರ ಚಳವಳಿಯನ್ನು ಕಟ್ಟಿದರು. ಸಾಹುಕಾರನ ಬಡ್ಡಿಗೆ ಎದುರಾಗಿ ಹಳ್ಳಿಯವರಿಗೆ ಸಿಕ್ಕಿದ ಆಸರೆಯ ಹೆಸರು ಸೊಸೈಟಿ. ಇದನ್ನು ತಿಳಿಯದೆ, ಹಳ್ಳಿಯವರಿಗೆ ಸೊಸೈಟಿ ಪದದ ನಿಜವಾದ ಅರ್ಥ ಗೊತ್ತಿಲ್ಲ ಎನ್ನುವವರಿಗೆ ಹಳ್ಳಿಯೇ ಗೊತ್ತಿಲ್ಲ.

ಇವೆರಡಕ್ಕಿಂತ ಭಾರದ ಪದ ಡಿಕ್ಲರೇಶನ್. ಕರಾವಳಿಯ ಹಳೆಯ ತಲೆಮಾರಿನವರ ಎದುರು ಈ ಪದ ಎತ್ತಿ ನೋಡಿ. ನಿಘಂಟಿನಲ್ಲಿ ಅದು ಘೋಷಣೆ. ಇಲ್ಲಿ ಅದು 1974. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯ ಭೂಮಿ ಸರಕಾರಕ್ಕೆ ಸೇರಿ, ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ತನ್ನ ಗೇಣಿಯನ್ನು ರುಜುಪಡಿಸಿದರೆ ಹಕ್ಕು ಅವನಿಗೆ ಬರುವ ವ್ಯವಸ್ಥೆ. ಚಾಲಗೇಣಿ, ಮೂಲಗೇಣಿಗಳ ಮೇಲೆಯೇ ಬದುಕು ನಿಂತಿದ್ದ ಈ ಸೀಮೆಯಲ್ಲಿ ಆ ಅರ್ಜಿಗೆ ಜನ ಇಟ್ಟುಕೊಂಡ ಹೆಸರು ಡಿಕ್ಲರೇಶನ್.

ಅರ್ಜಿಯ ಹೆಸರಾಗಿ ಬಂದ ಪದ ಅರ್ಜಿಯಲ್ಲೇ ನಿಲ್ಲಲಿಲ್ಲ. ಗದ್ದೆ ಪಡೆದ ಮನೆಯಲ್ಲಿ “ಇದ್ ಡಿಕ್ಲರೇಶನಂಗೆ ಬಂದ ಗದ್ದೆ” ಎನ್ನುತ್ತಾರೆ. ಕಳೆದುಕೊಂಡ ಮನೆಯಲ್ಲಿ ಅದೇ ಗದ್ದೆ “ಡಿಕ್ಲರೇಶನಂಗೆ ಹೋಯ್ತ್”. ನಾಮಪದ ಒಂದೇ, ಕ್ರಿಯಾಪದ ಬೇರೆ. ಬಂತು ಮತ್ತು ಹೋಯಿತು ಎಂಬ ಎರಡು ಸಣ್ಣ ಕನ್ನಡ ಕ್ರಿಯಾಪದಗಳು ಒಂದು ಇಂಗ್ಲಿಷ್ ಪದವನ್ನು ಹಿಡಿದುಕೊಂಡು ಇಡೀ ಸೀಮೆಯ ಅರ್ಧ ಶತಮಾನದ ಚರಿತ್ರೆಯನ್ನು ಹೇಳುತ್ತವೆ. ಧಣಿಯ ಮೇಲೆ ಡಿಕ್ಲರೇಶನ್ ಹಾಕಲು ಮನಸ್ಸು ಬಾರದೆ ಕೈಬಿಟ್ಟವರು, ಹಾಕಿದ್ದಕ್ಕೆ ಮಾತು ಬಿಟ್ಟುಕೊಂಡ ಮನೆಗಳು ಎಲ್ಲವೂ ಆ ಪದದ ಒಳಗಿವೆ. ಅದರ ಬದಲಿಗೆ ಘೋಷಣೆ ಎಂದು ಬರೆದರೆ ಭಾಷೆ ಶುದ್ಧವಾಗುವುದಿಲ್ಲ, ಬರಿದಾಗುತ್ತದೆ. ಇಂಗ್ಲಿಷ್ ಪಂಡಿತರು ಹೇಳುವ ಸರಿಯಾದ ಅರ್ಥಕ್ಕೆ ಹಿಂತಿರುಗಿಸಿದರೂ ನಷ್ಟ ಅಷ್ಟೇ.

ಹೋಟೆಲ್ ಪದದ ಬಗ್ಗೆ ಇಲ್ಲಿಯವರನ್ನು ತಿದ್ದಲು ಬರುವುದಂತೂ ಸಾಹಸವೇ ಸರಿ. ಈ ಪದಕ್ಕೆ ದೇಶದ ಊರೂರುಗಳಲ್ಲಿ ತಿಂಡಿಯ ಪರಿಮಳ ಹಚ್ಚಿದವರೇ ಇಲ್ಲಿಂದ ಗಾಡಿ ಹತ್ತಿದ ಜನ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ತೆರೆದರು. ಮುಂದೆ ಅದು ಮಾವಳ್ಳಿ ಟಿಫಿನ್ ರೂಮ್ಸ್, ಎಲ್ಲರ ಬಾಯಲ್ಲಿ ಎಂಟಿಆರ್. ಕ್ಲಬ್ ಎಂದರೆ ಕಾಫಿ ಕುಡಿಯುವ ಜಾಗವೆಂದು, ಟಿಫಿನ್ ಎಂದರೆ ಇಡ್ಲಿ ದೋಸೆಯೆಂದು ಒಂದು ನಗರಕ್ಕೆ ಕಲಿಸಿದವರು ಅವರಂಥವರು. ಇಲ್ಲಿ ಮಲಗುವ ಜಾಗಕ್ಕೆ ಲಾಡ್ಜ್ ಎಂಬ ಬೇರೆ ಪದವೇ ಇದೆ. ತಟ್ಟೆ ತಂದಿಡುವವನು ಸಪ್ಲಾಯರ್, ಕಟ್ಟಿಸಿಕೊಂಡು ಹೋಗುವುದು ಪಾರ್ಸೆಲ್. ಒಂದು ಪದ ಇನ್ನೊಂದರ ಜಾಗಕ್ಕೆ ಹೋಗುವುದಿಲ್ಲ, ಗಲ್ಲೆಯಿಂದ ಅಡಿಗೆಮನೆಯ ತನಕ ಯಾರಿಗೂ ಗೊಂದಲವಿಲ್ಲ. ಫ್ರೆಂಚರಲ್ಲಿ ದೊಡ್ಡ ಮನೆಗೂ ಪುರಭವನಕ್ಕೂ ಸಲ್ಲುತ್ತಿದ್ದ ಪದವನ್ನು ಇಂಗ್ಲಿಷರು ತೆಗೆದುಕೊಂಡು ವಸತಿಗೃಹ ಮಾಡಿದರು. ಅವರಿಗಿದ್ದ ಸ್ವಾತಂತ್ರ್ಯ ಕೋಟದ ಮಯ್ಯರಿಗೂ ಇತ್ತು.

ಇಂಗ್ಲಿಷಿನವರ ಸ್ವಾತಂತ್ರ್ಯದ ಮಾತು ಬಂತು. ತಮಿಳಿನ ಕಟ್ಟುಮರ, ಮರದ ದಿಮ್ಮಿಗಳನ್ನು ಬಿಗಿದ ತೆಪ್ಪ, ಇಂಗ್ಲಿಷಿನಲ್ಲಿ ಕೆಟಮರಾನ್ ಆಗಿ ಎರಡು ಒಡಲಿನ ದೋಣಿಗೆ ಹೆಸರಾಯಿತು. ತಮಿಳು ಮೀನುಗಾರರನ್ನು ಯಾರೂ ಒಪ್ಪಿಗೆ ಕೇಳಲಿಲ್ಲ. ನಮ್ಮ ಅಡಕೆಯ ಬಳಗದ ಪದವೊಂದು ಪೋರ್ಚುಗೀಸರ ಬಾಯಿಂದ ಸಾಗಿ ಅರೆಕಾ ಎಂದು ಸಸ್ಯಶಾಸ್ತ್ರದ ಪುಸ್ತಕ ಸೇರಿತು. ಅದನ್ನು ಕೆಟ್ಟ ಉಚ್ಚಾರ ಎಂದು ನಾವು ದೂರುವುದಿಲ್ಲ. ಇಂಗ್ಲಿಷಿನ ಬಲ ಇರುವುದೇ ಈ ಧೈರ್ಯದಲ್ಲಿ ಎಂದು ಹೊಗಳುವವರು, ಅದೇ ಧೈರ್ಯವನ್ನು ಗಂಗೊಳ್ಳಿಯ ಬಂದರಿನಲ್ಲಿ ಕಂಡಾಗ ಅಜ್ಞಾನ ಎನ್ನುವುದು ಅನ್ಯಾಯ.

ಶುದ್ಧ ಕನ್ನಡದ ಪಕ್ಷದವರಿಗೂ ಒಂದು ಮಾತು. ಕುಂದಾಪುರದಿಂದ ಸ್ವಲ್ಪವೇ ದೂರದ ಬಸ್ರೂರು ಒಂದು ಕಾಲಕ್ಕೆ ದೊಡ್ಡ ಬಂದರು, ಪೋರ್ಚುಗೀಸರ ದಾಖಲೆಗಳ ಬಾರ್ಸೆಲೋರ್. ಅಕ್ಕಿಯ ವ್ಯಾಪಾರಕ್ಕೆ ಬಂದ ಆ ಜನರ ಭಾಷೆಯಿಂದ ಕರಾವಳಿಗೆ ಇಳಿದ ಚಾವಿ, ಜನೇಲು, ಬಾಲ್ದಿ, ಮೇಜು ಇಂದು ಅಜ್ಜಿಯರ ಬಾಯಲ್ಲೂ ಇವೆ. ಶ್ಯೂರಿಟಿ ಇಂಗ್ಲಿಷ್, ಜಾಮೀನು ಎನ್ನಿ ಎಂದು ತಿದ್ದುವವರನ್ನು ಕೇಳಿದ್ದೇನೆ. ಜಾಮೀನು ಬಂದದ್ದು ಅರಬ್ಬಿಯಿಂದ, ಪಾರಸಿಯ ದಾರಿಯಲ್ಲಿ. ಅದು ಮೊದಲೇ ಬಂದದ್ದರಿಂದ ಮನೆಯದಾಯಿತು, ಅಷ್ಟೇ. ಈಗ ಎರಡೂ ಪದಗಳು ಕೆಲಸ ಹಂಚಿಕೊಂಡಿವೆ: ಜೈಲಿನಿಂದ ಹೊರಬರಲು ಜಾಮೀನು, ಸೊಸೈಟಿಯ ಸಾಲಕ್ಕೆ ಶ್ಯೂರಿಟಿ. ಭಾವನ ಸಾಲಕ್ಕೆ ಶ್ಯೂರಿಟಿ ಹಾಕಿ ನೊಂದವನಿಗೆ ಆ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಭಾವನ ಮಾತು ಬಂದದ್ದಕ್ಕೆ ಇನ್ನೊಂದು. ‘ಕಸಿನ್ ಬ್ರದರ್’ ಎನ್ನುವುದು ಭಾರತೀಯರ ಹಾಸ್ಯಾಸ್ಪದ ಇಂಗ್ಲಿಷ್ ಎಂದು ತರಬೇತಿಯ ಪುಸ್ತಕಗಳು ಬರೆಯುತ್ತವೆ. ದೊಡ್ಡಪ್ಪನ ಮಗ ನಮಗೆ ಅಣ್ಣ, ಸೋದರಮಾವನ ಮಗ ಭಾವ. ಒಬ್ಬನ ಮನೆಗೆ ಹೆಣ್ಣು ಕೊಡುವುದಿಲ್ಲ, ಇನ್ನೊಬ್ಬನಿಗೆ ಕೊಡುವುದು ರೂಢಿಯಲ್ಲೇ ಇತ್ತು. ಅಳಿಯಸಂತಾನದ ಕಟ್ಟು ನಡೆಸಿಕೊಂಡು ಬಂದ ಸೀಮೆಯಲ್ಲಿ ಈ ಇಬ್ಬರನ್ನೂ ಒಂದೇ ಕಸಿನ್ ಚೀಲಕ್ಕೆ ಹಾಕುವುದು ಸಾಧ್ಯವೇ ಇರಲಿಲ್ಲ. ಆದ್ದರಿಂದ ಅಣ್ಣನಂಥ ಕಸಿನ್‌ಗೆ ಬ್ರದರ್ ಸೇರಿಸಿದರು. ಇಂಗ್ಲಿಷಿನಲ್ಲಿ ಇಲ್ಲದ ಒಂದು ವಿವೇಚನೆಯನ್ನು ಆ ಭಾಷೆಯೊಳಗೇ ಹೇಳಲು ಹುಡುಕಿಕೊಂಡ ದಾರಿ ಅದು.

ಸಮುದ್ರದ ಮೇಲೆ ಈ ಹುಡುಕಾಟ ಇನ್ನೂ ಗಟ್ಟಿಯಾಗಿ ಕಾಣುತ್ತದೆ. ಊರಿನವರೆಲ್ಲ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯ ಕಾಲದಲ್ಲಿ ಬಂಗುಡೆ, ಬೈಗೆ ಮೀನುಗಳು ಪಾಲಾಗಿ ಮನೆಮನೆಗೆ ಹೋಗುತ್ತಿದ್ದವು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಂತು. ಚೀಲದ ಬಾಯಿಯಂತೆ ಬಿಗಿಯುವ ಬಲೆ ಎಂಬುದು ಮೂಲದ ಅರ್ಥ. ಇಲ್ಲಿ ಪರ್ಸೀನ್ ಎಂದರೆ ಬಲೆಯೂ ಹೌದು, ದೊಡ್ಡ ಬೋಟೂ ಹೌದು, ಅದರ ಮೇಲೆ ಹೋಗುವ ಜನರ ತಂಡವೂ ಹೌದು. ರಂಪಣಿ ಕೊನೆಗಂಡದ್ದು, ನಾಡದೋಣಿಯವರಿಗೂ ಬೋಟಿನವರಿಗೂ ಹುಟ್ಟಿದ ವೈಮನಸ್ಸು, ಎಲ್ಲವೂ ಆ ಪದದ ಜೊತೆಗೇ ಬಂದವು. ಎರಡು ಬೋಟು ಸೇರಿ ಬಲೆ ಎಳೆಯುವ ಬುಲ್‌ಟ್ರಾಲ್, ಬೆಳಕು ಚೆಲ್ಲಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಎಂಬ ಪದಗಳ ಹಿಂದೆಯೂ ಇಂಥದೇ ಜಗಳಗಳಿವೆ. ಲೈಟ್ ಫಿಶಿಂಗನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದ ಮೇಲೂ ನಾಡದೋಣಿಯವರು ಬೀದಿಗಿಳಿದು ಕೂಗಬೇಕಾಗಿ ಬಂದದ್ದು ಅದೇ ಪದವನ್ನು ಹಿಡಿದು. ತಮ್ಮ ಹೊಟ್ಟೆಯ ಪ್ರಶ್ನೆಗೆ ಹೋರಾಡಲು ಜನ ಆಯ್ದುಕೊಂಡ ಪದವನ್ನು ಪರಕೀಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಭಾಷೆಗೆ ಅಪಾಯವೇ ಇಲ್ಲವೇ? ಇದೆ, ಆದರೆ ನಾವು ಕಾಯುತ್ತಿರುವುದು ಬೇರೆ ಬಾಗಿಲನ್ನು. ನಾಮಪದ ಬಂದರೆ ಭಾಷೆಗೆ ಸರಕು ಬಂದಂತೆ, ಕ್ರಿಯಾಪದ ಹೋದರೆ ಕೈಯೇ ಹೋದಂತೆ. ಅಡಿಗೆಮನೆಯಲ್ಲೂ ಹಿತ್ತಲಲ್ಲೂ ಮೀನು ಕೊಯ್ಯುತ್ತಿದ್ದರು, ಸೊಪ್ಪು ಕೊಚ್ಚುತ್ತಿದ್ದರು, ತರಕಾರಿ ಹೆಚ್ಚುತ್ತಿದ್ದರು, ಕಾಯಿ ಹೆರೆಯುತ್ತಿದ್ದರು, ಸೌದೆ ಸೀಳುತ್ತಿದ್ದರು, ಕೊಂಬೆ ಕಡಿಯುತ್ತಿದ್ದರು. ಒಂದೊಂದಕ್ಕೂ ಬೇರೆ ಕತ್ತಿ, ಬೇರೆ ಭಂಗಿ. ಹೆರೆಮಣೆಯ ಮೇಲೆ ಕೂತವಳ ತೋಳಿನ ಚಲನೆಯೇ ಬೇರೆ, ಮೆಟ್ಟುಕತ್ತಿಯ ಮುಂದೆ ಕೂತವಳದ್ದೇ ಬೇರೆ. ಈಗ ಬಹುಪಾಲು ಕೆಲಸಕ್ಕೆ ‘ಕಟ್ ಮಾಡು’ ಒಂದೇ ಸಾಕಾಗಿದೆ. ‘ವಾಶ್ ಮಾಡು’ ಬಂದು ತೊಳೆ, ತಿಕ್ಕು, ಜಾಲಿಸುಗಳನ್ನು ಮೂಲೆಗೆ ತಳ್ಳುತ್ತಿದೆ. ಪಿಗ್ಮಿ, ಪರ್ಸೀನ್ ಬಂದಾಗ ಇಲ್ಲಿ ಇಲ್ಲದ್ದೊಂದು ಬಂತು. ಕಟ್ ಮಾಡು ಬಂದಾಗ ಇದ್ದ ಆರರಲ್ಲಿ ಬಹುಪಾಲು ಹೋದವು. ಇವೆರಡನ್ನೂ ಇಂಗ್ಲಿಷ್ ಪ್ರಭಾವ ಎಂಬ ಒಂದೇ ತಲೆಬರಹದ ಕೆಳಗೆ ಸೇರಿಸಿ ಮರುಗುವುದರಿಂದ ನಿಜವಾದ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಮಕ್ಕಳು ಹೋಯ್ಕ್, ಬರ್ಕ್, ಉಂಬುಕೆ, ಬಪ್ಪುಕೆ ಎನ್ನುತ್ತಿರುವ ತನಕ ಸೊಸೈಟಿ ಎಂದರೂ ಬಸ್ಸು ಎಂದರೂ ಕುಂದಾಪ್ರ ಕನ್ನಡಕ್ಕೆ ಏನೂ ಆಗುವುದಿಲ್ಲ. ನೆಂಟರ ಮುಂದೆ ಹಾಗೆ ಮಾತಾಡಬೇಡ, ಗ್ರಂಥದ ಕನ್ನಡವನ್ನೋ ಇಂಗ್ಲಿಷನ್ನೋ ಆಡು ಎಂದು ಮನೆಯಲ್ಲಿ ಮಗುವಿನ ಬಾಯಿ ಮುಚ್ಚಿಸುವುದು ದೊಡ್ಡ ಹಾನಿ.

ಇನ್ನೊಂದು ಬಗೆಯ ಪದಗಳೂ ಇವೆ, ಅವುಗಳ ಬಗ್ಗೆ ನನಗೆ ಸಿಟ್ಟಿದೆ. ಕೆವೈಸಿ, ಪ್ರೊಸೆಸಿಂಗ್ ಫೀ, ಫೋರ್‌ಕ್ಲೋಶರ್ ಇವು ಯಾವ ಕೆಲಸದ ನಡುವೆಯೂ ಹುಟ್ಟಿ ಬೆಳೆಯಲಿಲ್ಲ. ಕಾಗದದ ಮೇಲಿಂದ ನೇರ ಜನರ ಸಹಿಯ ಮೇಲೆ ಬಂದು ಕೂತವು. ಅರ್ಥ ತಿಳಿಸದೆ ಸಹಿ ಹಾಕಿಸುವುದು ಕಚೇರಿಯ ತಪ್ಪು. ಸಾಲ ಪಡೆಯುವವರಿಗೆ ಅವರ ಮಾತಿನಲ್ಲೇ, ಶ್ಯೂರಿಟಿ, ಬಡ್ಡಿ, ಕಂತು ಎಂಬ ಪಳಗಿದ ಪದಗಳಲ್ಲೇ ಹೇಳಲು ಯಾರಿಗೂ ಅಡ್ಡಿಯಿಲ್ಲ. ಆಸ್ಪತ್ರೆಯಲ್ಲೂ ಇಂಥ ಪಳಗಿದ ಪದಗಳೇ ಕೆಲಸ ಮಾಡುತ್ತವೆ. “ನಂಗ್ ಬಿಪಿ ಇಲ್ಲೆ, ಶುಗರ್ ಇತ್ತ್” ಎಂದರೆ ರಕ್ತದೊತ್ತಡ ಹೆಚ್ಚಿಲ್ಲ, ಸಕ್ಕರೆ ಕಾಯಿಲೆ ಇದೆ ಎಂದು ಇಲ್ಲಿನ ವೈದ್ಯರಿಗೆ ಗೊತ್ತು. “ಅವ್ರ್ 
ಸೀರಿಯಸ್ ಅಂಬ್ರ್” ಎಂಬ ಫೋನು ಬಂದರೆ ಮುಂಬಯಿಯಲ್ಲಿರುವ ಮಗ ಆ ರಾತ್ರಿಯೇ ಬಸ್ಸು ಹತ್ತುತ್ತಾನೆ. ಅರ್ಥ ಇಷ್ಟು ಖಚಿತವಾಗಿ ತಲುಪುವ ಪದವನ್ನು ಏಕೆ ತಿದ್ದಬೇಕು?

ಶಾಲೆಯ ವಿಷಯಕ್ಕೆ ಬರುತ್ತೇನೆ, ಈ ತಪ್ಪು ತಿಳಿವಳಿಕೆಯ ಪೆಟ್ಟು ಬೀಳುವುದು ಅಲ್ಲಿ. 2007–08ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸುತ್ತಿದ್ದಾರೆ. ಕಲಿಸುವ ಕ್ರಮ ಹೆಚ್ಚಾಗಿ ಹಳೆಯದೇ: ಗೀಟು ಹೊಡೆದ ಪುಟದ ಎಡಕ್ಕೆ ಪದ, ಬಲಕ್ಕೆ ಅರ್ಥ. ಕರೆಂಟ್ ಎದುರು ಪ್ರವಾಹ, ಸರ್ಕಲ್ ಎದುರು ವೃತ್ತ. ಜೂನಿನ ಗಾಳಿಮಳೆಗೆ ಕರೆಂಟ್ ಹೋಗಿ ದೀಪದಲ್ಲಿ ಓದಿದ ಮಗುವಿಗೆ, ಶಾಸ್ತ್ರಿ ಸರ್ಕಲಿನಲ್ಲಿ ಬಸ್ಸು ಇಳಿಯುವ ಮಗುವಿಗೆ ಆ ಪದಗಳು ಹೊಸವಲ್ಲ. ನಿನಗೆ ಗೊತ್ತಿರುವುದು ತಪ್ಪು ಎಂದು ಶುರುಮಾಡುವ ಪಾಠ ಮಗುವಿನ ಬಾಯಿ ಕಟ್ಟುತ್ತದೆ. ನಿನ್ನ ಮನೆಯ ಸೊಸೈಟಿ ಯಾವುದು ಹೇಳು, ಇಂಗ್ಲಿಷ್ ಪುಸ್ತಕದ ಸೊಸೈಟಿ ಬೇರೆ ಏನು ಮಾಡುತ್ತದೆ ನೋಡೋಣ ಎಂದು ಕೇಳಿದರೆ ಅದೇ ಮಗು ಎರಡನ್ನೂ ಹಿಡಿದುಕೊಳ್ಳುತ್ತದೆ. ನಾಳೆ ಊರು ಬಿಟ್ಟು ಹೋಗುವವರಿಗೆ ಪುಸ್ತಕದ ಅರ್ಥವೂ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬೈಂದೂರು ಸೀಮೆಯ ಮೊಗೇರಿಯಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುತ್ತಲೇ ಕನ್ನಡ ಕಾವ್ಯದ ದಿಕ್ಕು ಬದಲಿಸಿದವರು. ಎರಡು ಭಾಷೆ ಒಂದು ತಲೆಯಲ್ಲಿ ಜಗಳವಾಡದೆ ಬಾಳಬಲ್ಲವು.

ಎಲ್ಲಿ ಯಾವ ಪದ ಎಂಬ ಅಳತೆ ನಮ್ಮ ಜನರಿಗೆ ಇಲ್ಲ ಎನ್ನುವವರು ಒಂದು ರಾತ್ರಿ ಯಕ್ಷಗಾನದ ಆಟಕ್ಕೆ ಬರಲಿ. ಬಡಗುತಿಟ್ಟಿನ ವೇಷಧಾರಿ ಚೌಕಿಯಲ್ಲಿ ಮೈಕ್ ಸರಿಯಾಯ್ತಾ, ನಾಳೆ ಹಾಲ್ಟ್ ಎಲ್ಲಿ ಎಂದು ಕೇಳುತ್ತಾನೆ, ಟೆಂಟ್ ಮೇಳ, ಬುಕ್ಕಿಂಗ್ ಎನ್ನುತ್ತಾನೆ. ರಂಗಸ್ಥಳಕ್ಕೆ ಬಂದು ಅರ್ಥ ಹೇಳತೊಡಗಿದರೆ ಬೆಳಗಿನ ತನಕ ಒಂದು ಇಂಗ್ಲಿಷ್ ಪದ ನುಸುಳುವುದಿಲ್ಲ. ಹಾಸ್ಯಗಾರ ತಂದರೆ ಅದು ನಗಿಸಲಿಕ್ಕೆ. ರಾಮನ ಬಾಯಲ್ಲಿ ಬಂದರೆ ಸಭೆಯೇ ಮುಖ ಸಿಂಡರಿಸುತ್ತದೆ. ಈ ಶಿಸ್ತನ್ನು ಯಾವ ಅಕಾಡೆಮಿಯೂ ಹೇರಿದ್ದಲ್ಲ.

ಜನರ ಬಾಯಲ್ಲಿ ಪಳಗಿದ ಈ ಪದಗಳು ನಿಘಂಟಿಗೂ ಸೇರಬೇಕು. ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಪಿಗ್ಮಿ, ಪರ್ಸೀನ್, ಡಿಕ್ಲರೇಶನ್ ಎಲ್ಲವೂ ಅದಾದ ಮೇಲಿನವು. ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗೆಂದೇ ಒಂದು ಕೋಶ ಮಾಡಿಕೊಟ್ಟರು. ಪಂಜು ಗಂಗೊಳ್ಳಿಯವರು ವರ್ಷಗಟ್ಟಲೆ ದುಡಿದು ಕುಂದಾಪ್ರ ಕನ್ನಡ ನಿಘಂಟನ್ನು ತಂದರು. ಇವರ ಹಿಂದೆ ಬರುವವರು ಇಲ್ಲಿನ ಇಂಗ್ಲಿಷ್ ಮೂಲದ ಪದಗಳಿಗೆ ಪೂರ್ಣ ನಮೂದು ಕೊಡಬೇಕು: ಯಾವ ಕೆಲಸದ ಮೂಲಕ ಬಂತು, ಯಾವ ವರ್ಷದ ಆಸುಪಾಸು, ಯಾವ ಕ್ರಿಯಾಪದದ ಜೊತೆ ನಡೆಯುತ್ತದೆ, ಯಾರ ಮನೆಯಲ್ಲಿ ಯಾವ ವಾಕ್ಯವಾಗಿ ಬರುತ್ತದೆ. ಡಿಕ್ಲರೇಶನ್ ಹಾಕಿದ ತಲೆಮಾರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ, ರಂಪಣಿ ಎಳೆದವರಿಗೂ ಅಷ್ಟೇ. ಅವರ ಬಳಿ ಕೂತು ಬರೆದುಕೊಳ್ಳುವ ಕೆಲಸವನ್ನು ಮುಂದಿನ ಮಳೆಗಾಲದಲ್ಲೇ ಶುರುಮಾಡಬಹುದು. ಬೋಟುಗಳು ದಡ ಸೇರಿರುವ ಜೂನ್, ಜುಲೈ ತಿಂಗಳಲ್ಲಿ ಗಂಗೊಳ್ಳಿಯಲ್ಲೂ ಕೋಡಿಯಲ್ಲೂ ಕೂತು ಮಾತಾಡಲು ಜನರಿಗೆ ಪುರುಸೊತ್ತಿರುತ್ತದೆ.